ಹರಿಯುವುದಾದರೆ ಹಗ್ಗ ಹರಿಯಲಿ

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ದಿನಗಳಲ್ಲಿ ಮಲ್ಪೆಗೋ ಮಂಗಳೂರಿನ ಹಳೆ ಬಂದರಿಗೋ ಹೋಗಿ ನೋಡಿ, ದಕ್ಕೆಯ ಬುಡದಲ್ಲಿ ನೀರೇ ಕಾಣುವುದಿಲ್ಲ. ದಕ್ಕೆಗೆ ತಾಗಿ ಒಂದು ಬೋಟು, ಅದರ ಮಗ್ಗುಲಿಗೆ ಇನ್ನೊಂದು, ಅದರಾಚೆ ಮತ್ತೊಂದು. ಕೊನೆಯ ಬೋಟಿಗೆ ಹೋಗಬೇಕಾದವನು ಉಳಿದವರ ಬೋಟುಗಳನ್ನೆಲ್ಲ ಮೆಟ್ಟಿಕೊಂಡೇ ಹೋಗಬೇಕು. ಬೋಟು ಬೋಟಿನ ನಡುವೆ ತಿಕ್ಕಾಟ ಆಗದಿರಲಿ ಅಂತ ಹಳೆಯ ಟಯರು ಇಳಿಬಿಟ್ಟಿರುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಫೆಂಡರ್ ಎನ್ನುತ್ತಾರೆ. ನಮ್ಮಲ್ಲಿ ಟಯರು ಅಂದರೆ ಮುಗಿಯಿತು. ದುಡ್ಡಿದ್ದವರ ವಿಹಾರದ ದೋಣಿಗಳಲ್ಲಿ ಗಾಳಿ ತುಂಬಿದ ಬಿಳಿಯ ರಬ್ಬರಿನ ಉರುಳೆಗಳಿರುತ್ತವೆ. ಕೆಲಸ ಎರಡರದ್ದೂ ಒಂದೇ.

ಈ ಟಯರುಗಳ ಬಗ್ಗೆ ಎಲ್ಲರಿಗೂ ಗೊತ್ತು. ಅವನ್ನು ಇಳಿಬಿಟ್ಟ ಹಗ್ಗವನ್ನು ಮಾತ್ರ ಯಾರೂ ನೋಡುವುದಿಲ್ಲ. ಆ ಹಗ್ಗ ದೋಣಿಯ ಅಂಚಿನ ಹಲಗೆಗೆ ಏನು ಮಾಡುತ್ತದೆ, ಮಾಡದ ಹಾಗೆ ಕಟ್ಟುವುದು ಹೇಗೆ ಎನ್ನುವುದು ಈ ಹೊತ್ತಿನ ವಿಷಯ. ನಾನು ಉಳಿ ಹಿಡಿದವನಲ್ಲ. ಬೋಟ್ ರಿಪೇರಿಯ ಯಾರ್ಡಿನಲ್ಲಿ ಲೆಕ್ಕ ಬರೆದುಕೊಂಡಿದ್ದವನು. ಆದರೆ ಬಿಲ್ಲು ಬರೆಯುವವನಿಗೆ ಒಂದು ಅನುಕೂಲ ಉಂಟು. ಯಾವ ಮರ ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಆಚಾರಿಯನ್ನು ಕೇಳದೆ ಬಿಲ್ಲು ಬರೆಯಲಿಕ್ಕೆ ಆಗುವುದಿಲ್ಲ. ಹಾಗೆ ಕೇಳಿಸಿಕೊಂಡ ಮಾತುಗಳು ಇವು.

ಬೋಟಿನ ಯಜಮಾನರು ಯಾರ್ಡಿಗೆ ಬಂದು ಸಾಮಾನ್ಯವಾಗಿ ತೋರಿಸುವುದು ಹೊರಮೈಯನ್ನು. ಎಲ್ಲಿ ಬಣ್ಣ ಕಿತ್ತಿದೆ, ಎಲ್ಲಿ ಪಕ್ಕದ ಬೋಟು ಗುದ್ದಿದೆ, ಅದನ್ನು ಬೆರಳು ಮಾಡಿ ತೋರಿಸುತ್ತಾರೆ. ಆಚಾರಿ ಅದನ್ನು ನೋಡಿಯೂ ನೋಡದವರ ಹಾಗೆ ಮೇಲೆ ಹತ್ತಿ, ಅಂಚಿನ ಹಲಗೆಯ ಮೇಲೆ ಉಳಿಯ ಹಿಡಿಯಿಂದ ಕುಟ್ಟುತ್ತಾ ಹೋಗುತ್ತಾರೆ. ಟಣ್ ಟಣ್ ಅನ್ನುವ ಶಬ್ದ ಒಂದು ಕಡೆ ಬಂದು ಡಬ್ ಅನ್ನುತ್ತದೆ. ಅಲ್ಲಿ ನಿಲ್ಲುತ್ತಾರೆ.

"ಇದೆಂತದು ಆಚಾರ್ರೆ, ಒಳ್ಳೆ ಹೆಬ್ಬಲಸು ಅಂತ ಹಾಕಿಸಿದ್ದಲ್ವಾ?"

"ಮರ ಒಳ್ಳೇದೇ ಮಾರಾಯ್ರೆ. ಇಲ್ಲಿ ಟಯರು ಕಟ್ಟಿದ್ದು ಯಾರು ಹೇಳಿ."

ಆ ಜಾಗವನ್ನು ಹತ್ತಿರದಿಂದ ನೋಡಬೇಕು. ಹಲಗೆಯ ಹೊರ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಅಗಲದ ಒಂದು ಹಳ್ಳ. ಹಳ್ಳದ ಒಳಗೆ ಬಣ್ಣ ಇಲ್ಲ, ಮರದ ಎಳೆಗಳು ಕತ್ತರಿಸಿ ನಿಂತಿವೆ, ಬುಡದಲ್ಲಿ ಕಪ್ಪು. ಉಗುರಿನಿಂದ ಒತ್ತಿದರೆ ನೀರು ಜಿನುಗುತ್ತದೆ. ಹಳ್ಳದ ಆಳ ಅರ್ಧ ಇಂಚೂ ಇರಲಿಕ್ಕಿಲ್ಲ, ಆದರೆ ಕುಂಬು, ಅಂದರೆ ಮರದ ಕೊಳೆತ, ಅಲ್ಲಿಂದ ಎರಡೂ ಕಡೆಗೆ ಹಲಗೆಯ ಉದ್ದಕ್ಕೆ ಗೇಣುಗಟ್ಟಲೆ ಹೋಗಿರುತ್ತದೆ. ಇದರ ಕಾರಣ ಮರದ ಹುಟ್ಟಿನಲ್ಲೇ ಇದೆ. ಎಳೆಯ ತುದಿ ತೆರೆದುಕೊಂಡ ಕಡೆ ಮರ ನೀರು ಕುಡಿಯುವಷ್ಟು ವೇಗವಾಗಿ ಅಡ್ಡ ಮೈಯಲ್ಲಿ ಕುಡಿಯುವುದಿಲ್ಲ. ಅಂಚಿನ ಹಲಗೆಯಲ್ಲಿ ಎಳೆ ಬೋಟಿನ ಉದ್ದಕ್ಕೆ ಓಡುತ್ತದೆ, ಫೆಂಡರಿನ ಹಗ್ಗ ಅದನ್ನು ಅಡ್ಡಡ್ಡವಾಗಿ ದಾಟಿ ಕೆಳಗಿಳಿಯುತ್ತದೆ. ಹಗ್ಗ ಪ್ರತಿ ಸಲ ಅಲುಗಿದಾಗಲೂ ಒಂದಷ್ಟು ಎಳೆ ತುಂಡಾಗಿ ಹೊಸ ಬಾಯಿ ತೆರೆಯುತ್ತದೆ.

ಎಷ್ಟು ಸಲ ಅಲುಗುತ್ತದೆ? ಮಳೆಗಾಲದ ಬಂದರಿನಲ್ಲಿ ಬೋಟು ಐದು ಸೆಕೆಂಡಿಗೊಮ್ಮೆ ತೂಗುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 17,280 ಸಲ ಆಯಿತು. ರಜೆಯ 61 ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಕಡಲಿನಲ್ಲಿ ದುಡಿಯುವಾಗ ಸವೆಯದ ಅಂಚು ಕಟ್ಟಿಹಾಕಿದಲ್ಲೇ ಸವೆಯುವುದು ಹೀಗೆ. ಹಗ್ಗಕ್ಕೆ ಮರಳು ಹಿಡಿದಿದ್ದರಂತೂ, ಉಪ್ಪು ಒಣಗಿ ಹರಳುಗಟ್ಟಿದ್ದರಂತೂ, ಅದು ಮರಳುಕಾಗದವೇ ಸರಿ.

ಹಾಗಂತ ಹಗ್ಗ ಮರದ ವೈರಿ ಎಂದು ಹೇಳುವ ಹಾಗಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗಿನ ಸುದ್ದಿ ನೀವು ಓದಿರಬಹುದು. ಅಜಂತಾದ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಐದನೇ ಶತಮಾನದ ಹಡಗಿನ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ್ದು. ಅದರ ಹಲಗೆಗಳನ್ನು ಕತ್ತದ ಹಗ್ಗದಲ್ಲಿ ಹೊಲಿದಿದ್ದಾರೆ. ಕೇರಳದ ಕುಶಲಿಗರ ಕೈಕೆಲಸ ಅದು. ಪಶ್ಚಿಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಹೊಲಿದ ದೋಣಿಗಳೇ ಸಾಮಾನ್ಯವಾಗಿದ್ದವು. ಅಲ್ಲಿ ಹಗ್ಗ ಮರದ ಒಳಗೇ ಹಾದುಹೋಗುತ್ತದೆ, ಆದರೂ ಮರವನ್ನು ತಿನ್ನುವುದಿಲ್ಲ. ಏಕೆಂದರೆ ಬಿಗಿದು ಹೊಲಿದ ಹಗ್ಗ ಕದಲುವುದಿಲ್ಲ. ತೂತಿನಲ್ಲಿ ನಾರು ತುಂಬಿ, ರಾಳ ಮೆತ್ತಿ, ಕದಲಲಿಕ್ಕೆ ಎಡೆಯನ್ನೇ ಬಿಟ್ಟಿರುವುದಿಲ್ಲ. ನಮ್ಮ ಫೆಂಡರಿನ ಹಗ್ಗಕ್ಕೂ ಇದೇ ಲೆಕ್ಕ. ಮರವನ್ನು ಮುಟ್ಟುವ ಹಗ್ಗ ಕದಲಬಾರದು. ಕದಲುವ ಹಗ್ಗ ಮರವನ್ನು ಮುಟ್ಟಬಾರದು.

ಮೊದಲ ಪ್ರಶ್ನೆ, ಎಲ್ಲಿ ಕಟ್ಟಬೇಕು? ಕಣ್ಣಿಗೆ ಬಿದ್ದ ಕಂಬಿಗೆ ಕಟ್ಟುವುದು ಎಲ್ಲರ ಅಭ್ಯಾಸ. ಬೋಟಿಗೆ ಬರುವವರು ಕೈ ಹಿಡಿದುಕೊಳ್ಳಲಿ ಅಂತ ಹಾಕಿದ ಕಟಕಟೆಗೆ ಲಾರಿ ಟಯರು ನೇತುಹಾಕಿದ್ದನ್ನು ನೀವೂ ನೋಡಿರಬಹುದು. ಲಾರಿಯ ಒಂದು ಟಯರು ನಲವತ್ತು ಐವತ್ತು ಕಿಲೋ ತೂಗುತ್ತದೆ. ಅದು ಎರಡು ಬೋಟುಗಳ ನಡುವೆ ಸಿಕ್ಕಿ ಎಳೆದಾಗ ಬೀಳುವ ಭಾರ ಅದಕ್ಕಿಂತ ಎಷ್ಟೋ ಹೆಚ್ಚು. ಕಂಬದ ತುದಿಗೆ ಕಟ್ಟಿದರೆ ಆ ಎಳೆತಕ್ಕೆ ಇಡೀ ಕಂಬವೇ ಹಾರೆಯಾಗಿ ಬುಡದ ಮರವನ್ನು ಮೀಟುತ್ತದೆ. ಬುಡ ಸಡಿಲಾಯಿತು ಅಂದರೆ ಅಲ್ಲಿ ನೀರು ಇಳಿಯಿತು. ಕಟ್ಟಲೇಬೇಕಾದರೆ ಕಂಬದ ಬುಡಕ್ಕೆ ಕಟ್ಟಬೇಕು, ಅಷ್ಟು ಕೆಳಗೆ ಕಟ್ಟಿದರೆ ಮೀಟುವ ಉದ್ದ ಕಡಿಮೆ. ಅದಕ್ಕಿಂತ ಒಳ್ಳೆಯದು ಲಂಗರಿನ ಹಗ್ಗ, ದಕ್ಕೆಯ ಹಗ್ಗ ಕಟ್ಟಲಿಕ್ಕೆ ಅಂತಲೇ ಒಳಗಿನ ಚೌಕಟ್ಟಿಗೆ ಸೇರಿಸಿ ನಿಲ್ಲಿಸಿರುವ ಗೂಟ. ಮಳೆನೀರು ಹೊರಹೋಗುವ ಕಂಡಿಯೊಳಗಿಂದ ಹಗ್ಗ ತೂರಿಸುವವರೂ ಇದ್ದಾರೆ. ಕಂಡಿಯ ಅಂಚು ಚೂಪಾಗಿರುತ್ತದೆ, ಅಲ್ಲದೆ ಹಗ್ಗಕ್ಕೆ ಕಸ ಸಿಕ್ಕಿ ನೀರು ಒಳಗೇ ನಿಲ್ಲುತ್ತದೆ. ಅದು ಬೇಡ.

ಫೆಂಡರು ಕೂರುವ ಜಾಗವನ್ನೂ ನೋಡಿಕೊಳ್ಳಬೇಕು. ಬೋಟಿನ ಹೊಟ್ಟೆ ಎಲ್ಲಿ ಹೆಚ್ಚು ಅಗಲವೋ ಅಲ್ಲಿ, ಅದೂ ಒಳಗಿನ ಪಕ್ಕೆಲುಬಿನ ಮರ ಇರುವ ನೇರಕ್ಕೆ ಬರಬೇಕು. ಎರಡು ಪಕ್ಕೆಲುಬಿನ ನಡುವೆ ಬಿದ್ದರೆ ಬರಿಯ ಹಲಗೆ ಪೆಟ್ಟು ತಿನ್ನುತ್ತದೆ, ಸಂದಿಗೆ ಜಡಿದ ಹತ್ತಿ ಕಿತ್ತುಬರುತ್ತದೆ.

ಇನ್ನು ಗಂಟು. ರೇಡಿಯೋದಲ್ಲಿ ಗಂಟು ತೋರಿಸುವುದು ಹೇಗೆ ಅಂತ ನಗಬೇಡಿ. ಹತ್ತಿರ ಒಂದು ತುಂಡು ಹಗ್ಗ, ಇಲ್ಲವೇ ಲುಂಗಿಯ ಅಂಚಾದರೂ ಇದ್ದರೆ ಕೈಗೆ ತೆಗೆದುಕೊಳ್ಳಿ. ಕುರ್ಚಿಯ ಕೈಯೇ ಗೂಟ ಅಂತ ಇರಲಿ.

ಹೆಚ್ಚಿನವರು ಹಾಕುವುದು ಗೂಟಕ್ಕೆ ಒಂದು ಸುತ್ತು, ಅದನ್ನು ದಾಟಿ ಇನ್ನೊಂದು ಸುತ್ತು, ತುದಿಯನ್ನು ಎರಡನೆಯ ಸುತ್ತಿನಡಿ ತೂರಿಸಿ ಎಳೆದರೆ ಮುಗಿಯಿತು. ದನ ಕಟ್ಟುವುದರಿಂದ ಹಿಡಿದು ಚಪ್ಪರದ ಗಳು ಕಟ್ಟುವುದರವರೆಗೆ ಎಲ್ಲದಕ್ಕೂ ಇದೇ. ಹಾಕಲಿಕ್ಕೂ ಬಿಚ್ಚಲಿಕ್ಕೂ ಸುಲಭ. ಬೋಟು ದಕ್ಕೆಗೆ ಬಂದು ಮೀನು ಇಳಿಸಿ ಹೋಗುವ ಒಂದೆರಡು ಗಂಟೆಗೆ ಇದು ಸಾಕು. ರಾತ್ರಿಯೆಲ್ಲ ನಿಲ್ಲುವ ಬೋಟಿಗೆ ಸಾಲದು. ಭಾರ ಒಂದೇ ದಿಕ್ಕಿನಿಂದ ಬಿದ್ದರೆ ಈ ಗಂಟು ಕಚ್ಚಿಕೊಂಡಿರುತ್ತದೆ. ಫೆಂಡರು ಹಿಂದೆ ಮುಂದೆ ಓಲಾಡಿದರೆ ಗಂಟು ನುಣುಪಾದ ಕಂಬಿಯ ಮೇಲೆ ಉರುಳುತ್ತಾ ಹೋಗುತ್ತದೆ. ಉರುಳುವುದು ಅಂದರೆ ಉಜ್ಜುವುದು. ಬೆಳಿಗ್ಗೆ ನೋಡಿದರೆ ಕಟ್ಟಿದ ಜಾಗದಿಂದ ಅರ್ಧ ಮೊಳ ಆಚೆಗೆ ಹೋಗಿರುತ್ತದೆ, ಆ ಅರ್ಧ ಮೊಳದ ವಾರ್ನಿಷೂ ಹೋಗಿರುತ್ತದೆ.

ಅದರ ಬದಲು ಹೀಗೆ ಮಾಡಿ. ಹಗ್ಗದ ತುದಿಯನ್ನು ಗೂಟಕ್ಕೆ ಪೂರ್ತಿ ಎರಡು ಸುತ್ತು ಸುತ್ತಿ. ಸುತ್ತುಗಳು ಒಂದರ ಪಕ್ಕ ಒಂದು ಇರಲಿ, ಒಂದರ ಮೇಲೊಂದು ಹತ್ತಬಾರದು. ಈಗ ನಿಮ್ಮ ಎಡಗೈಯಲ್ಲಿ ಭಾರ ಹೊತ್ತ ಎಳೆ ಇದೆ, ಬಲಗೈಯಲ್ಲಿ ಬರಿಯ ತುದಿ ಇದೆ. ತುದಿಯನ್ನು ಭಾರ ಹೊತ್ತ ಎಳೆಯ ಮೇಲಿಂದ ತಂದು, ಅದರ ಅಡಿಯಿಂದ ಸುತ್ತಿ, ಆದ ಕುಣಿಕೆಯೊಳಗಿಂದ ಹೊರಕ್ಕೆ ಎಳೆಯಿರಿ. ಅದರ ಕೆಳಗೆ ಅದೇ ದಿಕ್ಕಿನಲ್ಲಿ ಇನ್ನೊಂದು ಸಲ. ದಿಕ್ಕು ಬದಲಾಗಬಾರದು. ಆಯಿತಲ್ಲ? ಈಗ ಎಳೆದು ನೋಡಿ. ಭಾರವನ್ನು ಹಿಡಿದಿರುವುದು ಆ ಎರಡು ಸುತ್ತುಗಳು, ಗಂಟು ಅವಕ್ಕೆ ಕಾವಲು ಮಾತ್ರ. ಸುತ್ತುಗಳು ಮರವನ್ನು ಅಗಲಕ್ಕೆ ಅಪ್ಪಿಕೊಂಡಿರುವುದರಿಂದ ಕದಲುವುದಿಲ್ಲ. ಓಲಾಟವೆಲ್ಲ ಗಂಟಿನ ಕೆಳಗೆ, ಗಾಳಿಯಲ್ಲಿ ನಡೆಯುತ್ತದೆ. ಇನ್ನೊಂದು ಲಾಭ: ಪಕ್ಕದ ಬೋಟು ಒತ್ತಿ ಹಗ್ಗ ಬಿಗಿದಿದ್ದರೂ ಇದನ್ನು ಬಿಚ್ಚಬಹುದು, ಕತ್ತಿ ಹುಡುಕಬೇಕಾಗಿಲ್ಲ. ಗಂಟುಗಳ ದೊಡ್ಡ ಪುಸ್ತಕ ಬರೆದ ಆಶ್ಲಿ ಎಂಬವರು 1944ರಲ್ಲಿ ಮೂರು ಸಾವಿರದ ಎಂಟುನೂರಕ್ಕೂ ಮಿಕ್ಕಿ ಗಂಟುಗಳಿಗೆ ನಂಬರು ಕೊಟ್ಟು ಇಟ್ಟಿದ್ದಾರೆ. ನಮ್ಮ ಈ ಕೆಲಸಕ್ಕೆ ಇದೊಂದು ಬಂದರೆ ಧಾರಾಳ ಆಯಿತು. ಜೀರುಗುಣಿಕೆ ಮಾತ್ರ ಹಾಕಬೇಡಿ. ಅದು ಎಳೆದಷ್ಟೂ ಬಿಗಿಯುತ್ತದೆ, ಮರದೊಳಗೆ ಕಚ್ಚುತ್ತದೆ.

ಗಂಟು ಎಷ್ಟೇ ಚೆನ್ನಾಗಿರಲಿ, ಗೂಟದಿಂದ ಹೊರಟ ಹಗ್ಗ ಅಂಚನ್ನು ದಾಟಿಯೇ ಕೆಳಗಿಳಿಯಬೇಕಲ್ಲ? ಅಸಲು ಪೆಟ್ಟು ಬೀಳುವುದೇ ಅಲ್ಲಿ. ಹೊಸ ಬೋಟು ಕಟ್ಟಿಸುವವರಾದರೆ ಆ ಅಂಚನ್ನು ಚೂಪಾಗಿ ಬಿಡದೆ ಉರುಟಾಗಿ ಕೆತ್ತಿಸಿ. ಚೂಪು ಅಂಚಿನಲ್ಲಿ ಹಗ್ಗದ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ, ಉರುಟಾದ ಅಂಚಿನಲ್ಲಿ ಹರಡಿಹೋಗುತ್ತದೆ. ಹಗ್ಗಕ್ಕೂ ಅದೇ ಹಿತ. ಚೂಪು ಮಡಿಕೆಯಲ್ಲಿ ಹಗ್ಗ ಬಲ ಕಳೆದುಕೊಳ್ಳುತ್ತದೆ. ಆಚಾರಿಗೆ ಇದು ಅರ್ಧ ದಿನದ ಕೆಲಸ, ಹೇಳದಿದ್ದರೆ ಅವರೂ ಮಾಡಲಿಕ್ಕಿಲ್ಲ.

ಹಳೆಯ ಬೋಟಿಗೆ ಎರಡು ದಾರಿ. ಹಗ್ಗ ದಾಟುವ ಕಡೆ ಅರ್ಧ ಉರುಟಿನ ಹಿತ್ತಾಳೆ ಪಟ್ಟಿ ಜಡಿಸುವುದು ಒಂದು. ನೋಡಲಿಕ್ಕೆ ಚೆನ್ನ, ಬಾಳಿಕೆ ಹೆಚ್ಚು, ಖರ್ಚೂ ಹೆಚ್ಚು. ಪಟ್ಟಿಯ ಅಡಿಯಲ್ಲಿ ನೀರು ಹೋಗದ ಹಾಗೆ ಮೆತ್ತೆ ಹಾಕಿ ಕೂರಿಸದಿದ್ದರೆ ಅದು ಕುಂಬಿಗೆ ಮುಚ್ಚಳ ಆಗುತ್ತದೆ ಅಷ್ಟೆ. ಇನ್ನೊಂದು ದಾರಿ, ಹಗ್ಗಕ್ಕೆ ಅಂಗಿ ತೊಡಿಸುವುದು. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೊಳದ ತುಂಡು ಸಾಕು. ಹಳೆಯ ಅಗ್ನಿಶಾಮಕ ಪೈಪು ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರ ಕ್ಯಾನ್ವಾಸ್ ಮೆತ್ತಗಿರುತ್ತದೆ. ಲೋಕದ ಬಂದರುಗಳಲ್ಲೆಲ್ಲ ಈ ಉಪಾಯ ನಡೆಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಉಂಟು. ಪೈಪನ್ನು ಹಗ್ಗಕ್ಕೆ ಬಿಗಿದು ಕಟ್ಟಿದರೆ ಹಗ್ಗದ ಜೊತೆ ಪೈಪೂ ಓಡಾಡುತ್ತದೆ, ಹಗ್ಗದ ಬದಲು ಪೈಪು ಮರವನ್ನು ಉಜ್ಜುತ್ತದೆ. ಪೈಪಿನ ಎರಡು ತುದಿಗೆ ಸಣ್ಣ ದಾರ ಹಾಕಿ ಅದನ್ನು ಬೋಟಿಗೇ ಕಟ್ಟಬೇಕು. ಪೈಪು ಅಂಚಿನ ಮೇಲೆ ಅಲ್ಲಾಡದೆ ಕೂತಿರಲಿ, ಹಗ್ಗ ಅದರ ಒಳಗೆ ಬೇಕಾದಷ್ಟು ಜಾರಲಿ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಒಂದು ಹಲಗೆ ಉಳಿಯುತ್ತದೆ.

ತೊಗಲು ಹೊಲಿಸುವವರೂ ಇದ್ದಾರೆ. ನೆನೆಸಿದ ತೊಗಲನ್ನು ಕಂಬಿಗೆ ಸುತ್ತಿ ಅಡಿಯಲ್ಲಿ ಹೊಲಿದರೆ ಒಣಗಿದ ಮೇಲೆ ಮೈಚರ್ಮದ ಹಾಗೆಯೇ ಅಂಟಿಕೊಳ್ಳುತ್ತದೆ. ಒಣ ಹವೆಯ ದೇಶಕ್ಕೆ ಅದು ಸರಿ. ನಮ್ಮ ಮಳೆಗಾಲಕ್ಕೆ ತೊಗಲಿನ ಅಡಿಯಲ್ಲಿ ಮರ ಎರಡು ತಿಂಗಳು ಒದ್ದೆಯಾಗಿಯೇ ಇರುತ್ತದೆ. ನನ್ನ ಮತ ಕೇಳಿದರೆ ಇಲ್ಲಿಗೆ ತೊಗಲು ಬೇಡ.

ಹಗ್ಗದ ಜಾತಿಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ನೈಲಾನ್ ಅಂತ ಕೊಡುವುದೆಲ್ಲ ನೈಲಾನ್ ಅಲ್ಲ. ನೀಲಿ, ಹಸಿರು ಬಣ್ಣದ, ನೀರಿನ ಮೇಲೆ ತೇಲುವ ಅಗ್ಗದ ಹಗ್ಗ ಪಾಲಿಪ್ರೊಪಿಲೀನ್. ಬಿಸಿಲಿಗೆ ಅದರ ಮೈ ಬೇಗ ಮುಳ್ಳುಮುಳ್ಳಾಗುತ್ತದೆ. ಕೈಯಲ್ಲಿ ಹಿಡಿದರೆ ಚುಚ್ಚುವ ಹಗ್ಗ ಮರಕ್ಕೂ ಚುಚ್ಚುತ್ತದೆ ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಡ. ನಿಜವಾದ ನೈಲಾನ್ ಎಳೆದರೆ ಹಿಗ್ಗುತ್ತದೆ. ಬೋಟು ಕಟ್ಟಲಿಕ್ಕೆ ಆ ಹಿಗ್ಗುವ ಗುಣವೇ ಬೇಕು, ಆದರೆ ಫೆಂಡರ್ ಇಳಿಬಿಡಲಿಕ್ಕೆ ಅದೇ ದೋಷ. ಹಿಗ್ಗಿ ಕುಗ್ಗುವಾಗಲೆಲ್ಲ ಅಂಚಿನ ಮೇಲೆ ಜಾರುತ್ತದೆ. ಜಡೆಯ ಹಾಗೆ ಹೆಣೆದ ಪಾಲಿಯೆಸ್ಟರ್ ಹಗ್ಗ ಮೆತ್ತಗೂ ಇದೆ, ಹಿಗ್ಗುವುದೂ ಕಡಿಮೆ. ಕತ್ತದ ಹಗ್ಗ ಉಪ್ಪುನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಒರಟು, ಮಳೆಯಲ್ಲಿ ನೀರು ಹಿಡಿದುಕೊಂಡು ಕೂರುತ್ತದೆ. ಯಾವುದೇ ಹಗ್ಗವಾದರೂ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಜಾಲಾಡಿಸಿದರೆ ಉಪ್ಪು ಮರಳು ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಆ ಕೆಲಸವನ್ನು ಆಕಾಶವೇ ಮಾಡಿಕೊಡುತ್ತದೆ, ಬೇಸಗೆಯಲ್ಲಿ ನಾವು ಮಾಡಬೇಕು.

ಗಟ್ಟಿ ಹಗ್ಗ ಇರಲಿ ಅಂತ ಬೋಟು ಕಟ್ಟುವ ದಪ್ಪ ಹಗ್ಗವನ್ನೇ ಟಯರಿಗೂ ಹಾಕುತ್ತಾರೆ. ಅದು ತಪ್ಪು, ಕಾರಣ ಕಡಲಿನ ಏರಿಳಿತ. ಈ ಕಡೆ ಭರತ ಇಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಭಾವನಗರದ ಕಡೆ ಹತ್ತು ಮೀಟರು ದಾಟುತ್ತದೆ, ಅವರ ಪಾಡು ಬೇರೆ. ನಮ್ಮ ಒಂದೂವರೆ ಮೀಟರೂ ಸಾಕು ಅನಾಹುತಕ್ಕೆ. ಇಳಿತದಲ್ಲಿ ಬೋಟು ಕೆಳಗಿರುವಾಗ ಟಯರು ದಕ್ಕೆಯ ಕಾಂಕ್ರೀಟಿನ ಚಾಚಿನ ಅಡಿಗೆ ಸರಿಯುತ್ತದೆ. ಭರತ ಬಂದಾಗ ಬೋಟು ಏಳುತ್ತದೆ, ಟಯರು ಏಳಲಾರದು. ಟನ್ನುಗಟ್ಟಲೆ ತೂಕದ ಬೋಟನ್ನು ಕಡಲು ಎತ್ತುವಾಗ ನಡುವೆ ಏನಾದರೊಂದು ಸೋಲಲೇಬೇಕು. ಹಗ್ಗ ಸೋಲದಿದ್ದರೆ ಗೂಟ ಕಿತ್ತುಬರುತ್ತದೆ, ಗೂಟದ ಜೊತೆ ಅಂಚಿನ ಹಲಗೆಯೂ ಸೀಳಿ ಬರುತ್ತದೆ. ಹಗ್ಗಕ್ಕೆ ಎಷ್ಟು ದುಡ್ಡು, ಹಲಗೆಗೆ ಎಷ್ಟು ದುಡ್ಡು ಅಂತ ಬಿಲ್ಲು ಬರೆದವನನ್ನು ಕೇಳಿ! ಟಯರಿನ ತೂಕ ಹೊರುವಷ್ಟು, ಒಂದಿಷ್ಟು ಮಿಕ್ಕಿ ತಾಳುವಷ್ಟು ಗಟ್ಟಿ ಇದ್ದರೆ ಸಾಕು. ಹರಿಯುವುದಾದರೆ ಹಗ್ಗ ಹರಿಯಲಿ. ಬೋಟು ನಡೆಸುವ ತಾಂಡೇಲರು ಇದನ್ನು ಒಪ್ಪುವುದು ಕಷ್ಟ. ಟಯರು ನೀರಿಗೆ ಬಿದ್ದರೆ ಯಜಮಾನರು ಬೈಯುವುದು ಅವರನ್ನು.

ಟಯರು ಅಂದ ಮೇಲೆ ಇನ್ನೊಂದು ಮಾತು. ಮಳೆಗೆ ಅದರ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಅಷ್ಟು ತೂಕವೂ ಹಗ್ಗಕ್ಕೇ, ಅದರಲ್ಲಿ ಸೊಳ್ಳೆಯೂ ಸಂಸಾರ ಹೂಡುತ್ತದೆ. ಮಲೇರಿಯಾ, ಡೆಂಗ್ಯೂ ಕಂಡ ಊರು ನಮ್ಮದು. ತೂಗುಹಾಕುವ ಮೊದಲು ಕೆಳಬದಿಯಲ್ಲಿ ಮೂರು ನಾಲ್ಕು ತೂತು ಕೊರೆಯಿಸಿ. ಸವೆದ ಟಯರಿನಿಂದ ಉಕ್ಕಿನ ತಂತಿ ಹೊರಬಂದಿದ್ದರೆ ಅದನ್ನು ಎಸೆದುಬಿಡಿ, ಅದು ಹಲಗೆಯನ್ನೂ ಹಗ್ಗವನ್ನೂ ಕೊಯ್ಯುತ್ತದೆ. ಕಪ್ಪು ಕಲೆ ಬೀಳುತ್ತದೆ ಅಂತ ಇದ್ದರೆ ಹಳೆಯ ಬಲೆಯ ತುಂಡು ಸುತ್ತಿ.

ಗೂಟ ಸಾಕಾಗುವುದಿಲ್ಲ, ಹಗ್ಗ ಕಟ್ಟಲಿಕ್ಕೆ ಹೊಸ ಬಳೆಯೇ ಬೇಕು ಅನ್ನುವವರು ಇದ್ದಾರೆ. ಹಾಕಿಸಿ, ಆದರೆ ಮೊಳೆ ಹೊಡೆದೋ ಸ್ಕ್ರೂ ತಿರುಗಿಸಿಯೋ ಹಾಕಿಸಬೇಡಿ. ಎಳೆತಕ್ಕೆ ಸ್ಕ್ರೂ ಇವತ್ತಲ್ಲ ನಾಳೆ ಸಡಿಲಾಗುತ್ತದೆ, ಸಡಿಲಾದ ತೂತು ನೀರಿಗೆ ಬಾವಿ. ಮರವನ್ನು ಆರಪಾರ ಕೊರೆದು ಬೋಲ್ಟು ಹಾಕಿ, ಹಿಂಬದಿಯಲ್ಲಿ ಅಗಲದ ತಗಡೋ ಮರದ ಮಣೆಯೋ ಕೊಟ್ಟು ಬಿಗಿಸಬೇಕು. ಒಳ್ಳೆಯ ಆಚಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದಕ್ಕೆ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯುತ್ತಾರೆ. ಆಮೇಲೆ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಬರಿಯ ಕಬ್ಬಿಣದ ಬೋಲ್ಟು ಒದ್ದೆ ಮರದಲ್ಲಿ ಕಪ್ಪು ಕಾರುತ್ತದೆ, ಸುತ್ತಲಿನ ಮರವನ್ನೂ ಸಾಯಿಸುತ್ತದೆ. ಈಚೆಗೆ ಮರದ ಬೋಟಿನ ಮೇಲೆ ಫೈಬರ್ ಹೊದಿಸುವುದು ಬಂದಿದೆಯಲ್ಲ, ಅಂಥ ಬೋಟಿನಲ್ಲಿ ಒಂದು ತೂತು ಸಹ ಅಪಾಯ. ಹೊದಿಕೆಯ ಅಡಿಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಮೇಲೆ ಮಿರಿಮಿರಿ, ಒಳಗೆ ಕುಂಬು.

ಮಿರಿಮಿರಿ ಅಂದ ಮೇಲೆ ವಿಹಾರದ ದೋಣಿಯ ಮಾತೂ ಬಂತು. ಇಟಲಿಯ ಸಾರ್ನಿಕೊದಲ್ಲಿ ರೀವಾ ಎನ್ನುವ ಕಂಪನಿ 1962ರಿಂದ 1996ರವರೆಗೆ ಅಕ್ವಾರಾಮಾ ಅಂತ ಮಹಾಗನಿ ಮರದ ದೋಣಿ ಕಟ್ಟುತ್ತಿತ್ತು. ಕನ್ನಡಿಯಂಥ ವಾರ್ನಿಷು. ಅಂಥ ದೋಣಿಯ ಒಡೆಯರಿಗೆ ಒಂದು ಗೀರು ಬಿದ್ದರೂ ನಿದ್ದೆ ಬಾರದು. ಅಲ್ಲಿ ಚೆಲುವಿನ ಚಿಂತೆ, ಇಲ್ಲಿ ಹೊಟ್ಟೆಪಾಡಿನ ಚಿಂತೆ. ಮರ ಮಾತ್ರ ಎರಡು ಕಡೆಯೂ ಒಂದೇ ರೀತಿ ಹಾಳಾಗುತ್ತದೆ. ವಾರ್ನಿಷಿನ ಗೀರಿನಿಂದ ನೀರು ಪದರದ ಅಡಿಗೆ ನುಗ್ಗಿದರೆ ಮರ ಕಪ್ಪಾಗುತ್ತದೆ, ಆಮೇಲೆ ಆ ಭಾಗವನ್ನೆಲ್ಲ ಕೆರೆದು ಹೊಸದಾಗಿ ಹಚ್ಚದೆ ಬೇರೆ ದಾರಿ ಇಲ್ಲ. ಮಲ್ಪೆಯ ಟ್ರಾಲ್ ಬೋಟಿನಲ್ಲಿ ವಾರ್ನಿಷು ಇಲ್ಲ, ಬಣ್ಣ ಇದೆ. ಗೀರು ಗೀರೇ.

ಈಗ ಜುಲೈ ಕೊನೆಯ ವಾರದ ಮಾತು. ಬಲೆ, ಡೀಸೆಲ್, ಐಸ್ ಅಂತ ಎಲ್ಲರಿಗೂ ಗಡಿಬಿಡಿ. ಬೋಟಿನ ಕೆಲಸದ ಕಲಾಸಿಗಳು ಊರಿನಿಂದ ಬರುತ್ತಾರೆ, ಹಗ್ಗ ಬಿಚ್ಚಿ ಟಯರು ಎಳೆದು ಒಳಗೆ ಹಾಕುತ್ತಾರೆ, ಬೋಟು ಹೊರಡುತ್ತದೆ. ಹಗ್ಗ ಇದ್ದ ಜಾಗವನ್ನು ಆ ಹೊತ್ತಿಗೆ ಯಾರಾದರೂ ಒಬ್ಬರು ನೋಡಬೇಕು. ಪೈಪು ತೆಗೆಯಿರಿ, ಅಡಿಯ ಮರವನ್ನು ಒರೆಸಿ ಒಂದೆರಡು ದಿನ ಒಣಗಲಿಕ್ಕೆ ಬಿಡಿ, ಆಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಬರಿಮರಕ್ಕೆ ಮೀನೆಣ್ಣೆಯೋ ಗೇರುಬೀಜದ ಸಿಪ್ಪೆಯೆಣ್ಣೆಯೋ ಹಚ್ಚಿ, ಹಿರಿಯರು ಹಚ್ಚುತ್ತಿದ್ದುದು ಅದನ್ನೇ. ಬಣ್ಣದ ಬೋಟಾದರೆ ಪ್ರೈಮರ್ ಕೊಟ್ಟು ಬಣ್ಣ ಬಳಿಯಿರಿ. ಬೆರಳು ಒಳಕ್ಕೆ ಇಳಿಯಿತೋ, ಮೇಲೆ ಏನು ಬಳಿದೂ ಉಪಯೋಗವಿಲ್ಲ. ಒಳ್ಳೆಯ ಮರ ಸಿಗುವವರೆಗೆ ಎರಡೂ ಕಡೆಗೆ ಕೊಯ್ಯಿಸಿ, ತುಂಡು ಕೂಡಿಸಿ. ಆ ತುಂಡನ್ನು ಕೂರಿಸುವಾಗಲೇ ಆಚಾರಿಗೆ ಹೇಳಿ ಹೊರ ಅಂಚನ್ನು ಉರುಟು ಮಾಡಿಸಿಕೊಳ್ಳಿ.